ಖಲೀಫಾರ ಮನೆಯ ಒಡವೆಗಳು

ಹಝ್ರತ್ ಉಮರ್ ಬಿನ್ ಅಬ್ದುಲ್ ಅಝೀಝ್(ರ)ರ ಹೆಸರು ಕೇಳಿದೊಡನೆ ನಿಮಗೆ ದೀಪದ ಕಥೆ ನೆನಪಾಗಿರಬೇಕು. ಬೈತುಲ್‌ಮಾಲ್‌ನ ಎಣ್ಣೆಯಿಂದ ಉರಿಯುವ ದೀಪವನ್ನು ಸ್ವಂತ ಮಾತುಕತೆಗೆ ಬಳಸದೆ ಆರಿಸಿದ ಆ ಘಟನೆಯನ್ನು ಮದ್ರಸದ ಪುಟ್ಟ ಮಕ್ಕಳೂ ಹೇಳಬಲ್ಲರು. ಅದನ್ನು ಇಲ್ಲಿ ಬಿಡೋಣ. ಆ ದೀಪವನ್ನು ಆರಿಸಿದವರು ಮೊದಲಿನಿಂದಲೂ ಸರಳ ಜೀವಿಯಾಗಿರಲಿಲ್ಲ ಎಂಬುದನ್ನು ನೀವು ಗಮನಿಸಿದ್ದೀರಾ?

ಅವರು ಉಮವೀ ರಾಜಮನೆತನದ ಕುಡಿ. ತಂದೆ ಈಜಿಪ್ಟಿನ ಗವರ್ನರ್. ತಾಯಿ ಹಝ್ರತ್ ಉಮರ್ ಫಾರೂಕ್(ರ)ರ ಮೊಮ್ಮಗಳು. ಮದೀನಾದ ವಿದ್ವಾಂಸರಿಂದ ಶಿಕ್ಷಣ ಪಡೆದರು, ಕ್ರಿ.ಶ. 706ರಲ್ಲಿ ಅದೇ ಮದೀನಾದ ಗವರ್ನರ್ ಆದರು. ಮಸ್ಜಿದುನ್ನಬವಿಯ ವಿಸ್ತರಣೆ ನಡೆದದ್ದು ಅವರ ಉಸ್ತುವಾರಿಯಲ್ಲೇ. ಜ್ಞಾನವಿತ್ತು, ಭಕ್ತಿಯೂ ಇತ್ತು. ಜೊತೆಗೆ ಬೆಲೆಬಾಳುವ ಉಡುಪಿನ ಮೋಹವೂ ಇತ್ತು. ಅವರು ಹಾದುಹೋದ ದಾರಿಯನ್ನು ಸುಗಂಧವೇ ತಿಳಿಸುತ್ತಿತ್ತು. ಅವರ ನಡಿಗೆಯ ಠೀವಿಯನ್ನು ಮದೀನಾದ ಯುವತಿಯರು ಅನುಕರಿಸುತ್ತಿದ್ದರೆಂದು ಚರಿತ್ರೆಕಾರರು ಬರೆದಿದ್ದಾರೆ.

ಕ್ರಿ.ಶ. 717, ಹಿಜರಿ 99ರಲ್ಲಿ ಖಲೀಫಾ ಸುಲೈಮಾನ್ ನಿಧನರಾದರು. ಮೊಹರು ಹಾಕಿದ್ದ ಉಯಿಲನ್ನು ತೆರೆದಾಗ ಅದರಲ್ಲಿ ಉಮರ್(ರ)ರ ಹೆಸರಿತ್ತು. ಖಲೀಫಾರ ಸವಾರಿಗೆಂದು ಸಿಂಗರಿಸಿದ ಕುದುರೆಗಳನ್ನು ತಂದು ನಿಲ್ಲಿಸಿದರು. ಅವರು ತಮ್ಮ ಹಳೆಯ ಹೇಸರಗತ್ತೆಯನ್ನೇ ತರಿಸಿಕೊಂಡು, ಕುದುರೆಗಳನ್ನು ಮಾರಿ ಹಣವನ್ನು ಬೈತುಲ್‌ಮಾಲ್‌ಗೆ ಸೇರಿಸಲು ಹೇಳಿದರು.

ಕುದುರೆಗಳನ್ನು ಬಿಡುವುದು ಸುಲಭ. ಅವು ಇನ್ನೂ ತಮ್ಮದಾಗಿರಲಿಲ್ಲ. ಪಿತ್ರಾರ್ಜಿತವಾಗಿ ಬಂದ ಜಮೀನುಗಳ ವಿಷಯ ಹಾಗಲ್ಲ. ಅವರು ಪತ್ರಗಳನ್ನೆಲ್ಲ ತರಿಸಿ, ಒಂದೊಂದಾಗಿ ಓದಿಸಿ, ಅನ್ಯಾಯದ ದಾರಿಯಿಂದ ಕುಟುಂಬಕ್ಕೆ ಸೇರಿದವುಗಳನ್ನು ಜನರೆದುರೇ ಕತ್ತರಿಸಿ ಹಾಕಿದರು. ಇಷ್ಟು ಸಂಪತ್ತು ಬೇಕೇ ಎಂಬ ಪ್ರಶ್ನೆಗಿಂತ ಮೊದಲು ಇದು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಅವರು ಕೇಳಿದರು. ನಾವು ಸಾಮಾನ್ಯವಾಗಿ ಎರಡನ್ನೂ ಕೇಳುವುದಿಲ್ಲ.

ಇನ್ನು ಮನೆಯೊಳಗೆ ಬನ್ನಿ. ಪತ್ನಿ ಫಾತಿಮಾ ಖಲೀಫಾ ಅಬ್ದುಲ್ ಮಲಿಕ್‌ರ ಮಗಳು. ತಂದೆ ಉಡುಗೊರೆಯಾಗಿ ಕೊಟ್ಟ ಅಮೂಲ್ಯ ಒಡವೆಗಳು ಆಕೆಯ ಬಳಿಯಿದ್ದವು. ಅವು ಸಾರ್ವಜನಿಕ ಬೊಕ್ಕಸದಿಂದ ಬಂದವು ಎಂಬುದರಲ್ಲಿ ಉಮರ್(ರ)ರಿಗೆ ಸಂಶಯವಿರಲಿಲ್ಲ. ಅವರು ಪತ್ನಿಯ ಮುಂದೆ ಎರಡು ದಾರಿಗಳನ್ನಿಟ್ಟರು: ಒಡವೆಗಳನ್ನು ಬೈತುಲ್‌ಮಾಲ್‌ಗೆ ಒಪ್ಪಿಸುವುದು, ಇಲ್ಲವೇ ತಮ್ಮನ್ನು ಬಿಟ್ಟು ಹೋಗುವುದು. ಆ ಒಡವೆಗಳೊಂದಿಗೆ ಒಂದೇ ಮನೆಯಲ್ಲಿರಲು ಅವರು ಸಿದ್ಧರಿರಲಿಲ್ಲ. ಸಹೋದರಿಯರೇ, ಒಂದು ಕ್ಷಣ ಫಾತಿಮಾರ ಸ್ಥಾನದಲ್ಲಿ ನಿಂತು ನೋಡಿ. ಪವನ್‌ಗಳ ಲೆಕ್ಕದಲ್ಲಿ ಮದುಮಗಳ ಮಾನ ಅಳೆಯುವ ನಮ್ಮ ಮದುವೆ ಮನೆಗಳನ್ನೂ ನೆನಪಿಸಿಕೊಳ್ಳಿ. ಆಕೆ ಒಡವೆಗಳನ್ನು ಕೊಟ್ಟು ಪತಿಯನ್ನು ಉಳಿಸಿಕೊಂಡರು.

ನಂತರದ ಬದುಕು ಸುಖದ್ದಾಗಿತ್ತೆಂದು ಹೇಳಲಾರೆ. ಒಂದು ರಾತ್ರಿ ಹೆಣ್ಣುಮಕ್ಕಳು ತಂದೆಯನ್ನು ಕಂಡೊಡನೆ ಕೈಯಿಂದ ಬಾಯಿ ಮುಚ್ಚಿಕೊಂಡು ದೂರ ಸರಿದರು. ವಿಚಾರಿಸಿದಾಗ, ಮನೆಯಲ್ಲಿ ಬೇಳೆ ಮತ್ತು ಈರುಳ್ಳಿಯ ಹೊರತು ಬೇರೇನೂ ಇರಲಿಲ್ಲವೆಂದೂ, ಅದರ ವಾಸನೆ ತಂದೆಗೆ ತಾಗದಿರಲೆಂದು ಹಾಗೆ ಮಾಡಿದರೆಂದೂ ತಿಳಿಯಿತು. ಉಮರ್(ರ) ಅತ್ತುಬಿಟ್ಟರು. ಆದರೂ ಮರುದಿನದ ಊಟ ಬದಲಾಗಲಿಲ್ಲ. ತಂದೆಯ ಕಣ್ಣೀರೂ ನಿಜ, ಖಲೀಫಾರ ಹಟವೂ ನಿಜ.

ಇಲ್ಲಿ ಒಂದು ವಿಷಯವನ್ನು ನೀವು ತಪ್ಪಾಗಿ ತಿಳಿಯಬಾರದು. ಅವರು ಎಲ್ಲರ ಮೇಲೂ ಬೇಳೆ-ಈರುಳ್ಳಿಯನ್ನು ಹೇರಲಿಲ್ಲ. ಅಧಿಕಾರಿಗಳಿಗೆ ಕೈತುಂಬ ವೇತನ ಕೊಡುತ್ತಿದ್ದರು. ಕೊರತೆಯಿದ್ದವನ ಕೈ ಜನರ ಹಣದ ಕಡೆಗೆ ಚಾಚಬಹುದೆಂಬುದನ್ನು ಅವರು ಬಲ್ಲರು. ಇಸ್ಲಾಮ್ ಸ್ವೀಕರಿಸಿದವರಿಂದಲೂ ಜಿಝ್ಯಾ ವಸೂಲಿ ಮಾಡುವ ಪದ್ಧತಿಯನ್ನು ನಿಲ್ಲಿಸಿದರು. ಆದಾಯ ಕುಸಿಯುತ್ತದೆಂಬ ಅಧಿಕಾರಿಗಳ ಚಿಂತೆಗೆ ಕಿವಿಗೊಡಲಿಲ್ಲ. ಆಫ್ರಿಕಾ ಪ್ರಾಂತ್ಯಕ್ಕೆ ಝಕಾತ್ ಹಂಚಲು ಹೋದವರಿಗೆ ಪಡೆಯುವ ಬಡವರು ಸಿಗದೆ, ಆ ಹಣದಿಂದ ಗುಲಾಮರನ್ನು ಬಿಡುಗಡೆಗೊಳಿಸಿದರೆಂದು ಗ್ರಂಥಗಳು ಹೇಳುತ್ತವೆ. ಸಾಕು ಎಂಬ ಗೆರೆಯನ್ನು ಅವರು ಇತರರಿಗೆ ಅಗಲವಾಗಿಯೂ ತಮಗೆ ಇಕ್ಕಟ್ಟಾಗಿಯೂ ಎಳೆದುಕೊಂಡರು.

ಎರಡೂವರೆ ವರ್ಷವೂ ತುಂಬಿರಲಿಲ್ಲ, ಅವರು ಹಾಸಿಗೆ ಹಿಡಿದರು. ವಿಷಪ್ರಾಶನವಾಗಿತ್ತೆಂಬ ವರದಿಗಳಿವೆ. ನೋಡಲು ಬಂದ ಫಾತಿಮಾರ ಸಹೋದರ ಮಸ್ಲಮಾ, ರೋಗಿಯ ಅಂಗಿ ಕೊಳೆಯಾಗಿರುವುದನ್ನು ಕಂಡು ಅದನ್ನು ಒಗೆಯುವಂತೆ ತಂಗಿಗೆ ಹೇಳಿದರು. ಮತ್ತೆ ಬಂದಾಗಲೂ ಅದೇ ಅಂಗಿ ಹಾಗೆಯೇ ಇತ್ತು. ಸಿಟ್ಟಾಗಿ ಕೇಳಿದಾಗ, ಬದಲಿಗೆ ಉಡಿಸಲು ಇನ್ನೊಂದು ಅಂಗಿಯೇ ಇಲ್ಲವೆಂದು ಆಕೆ ತಿಳಿಸಿದರು. ಒಂದು ಕಾಲದಲ್ಲಿ ಮದೀನಾದ ಬೀದಿಗಳನ್ನು ಘಮಘಮಿಸಿದವರ ಮನೆಯ ಸ್ಥಿತಿಯಿದು. ಕ್ರಿ.ಶ. 720ರಲ್ಲಿ, ಸಿರಿಯಾದ ದೈರ್ ಸಿಮ್ಆನ್‌ನಲ್ಲಿ ಅವರು ಇಹಲೋಕ ತ್ಯಜಿಸಿದರು. ಆಗ ಅವರಿಗೆ ನಲ್ವತ್ತರ ಆಸುಪಾಸು.

ಫಾತಿಮಾರ ಸಹೋದರ ಯಝೀದ್ ಖಲೀಫಾ ಆದರು. ಬೈತುಲ್‌ಮಾಲ್‌ನಲ್ಲಿದ್ದ ಆ ಒಡವೆಗಳನ್ನು ತಂಗಿಗೆ ಮರಳಿಸಲು ಮುಂದೆ ಬಂದರು. ಈಗ ಆಕೆಯನ್ನು ತಡೆಯುವವರು ಯಾರೂ ಇರಲಿಲ್ಲ. ಪತಿ ಬದುಕಿದ್ದಾಗ ಮನಸ್ಸಾರೆ ಬಿಟ್ಟುಕೊಟ್ಟದ್ದನ್ನು ಅವರ ಮರಣಾನಂತರ ಪಡೆಯಲಾರೆ ಎಂದು ಫಾತಿಮಾ ನಿರಾಕರಿಸಿದರು. ಯಝೀದ್ ಅವುಗಳನ್ನು ತಮ್ಮ ಮನೆಯವರಿಗೆ ಹಂಚಿದರು.