ಚಂದ್ರಿಯನ್ನು ಜೈಲಿಗೆ ಹಾಕಿದ ಊರಲ್ಲಿ ಚಿತ್ರೋತ್ಸವ

ಬೆಂಗಳೂರು ಅಂತಾರಾಷ್ಟ್ರೀಯ ಚಿತ್ರೋತ್ಸವ ಬಂತೆಂದರೆ ನಮ್ಮ ಪಟ್ಟಂದೂರು ಅಗ್ರಹಾರದಿಂದಲೂ ಒಂದಷ್ಟು ಜನ ಆಫೀಸಿಗೆ ರಜೆ ಹಾಕಿ ನೇರಳೆ ಮಾರ್ಗದ ಮೆಟ್ರೋ ಹತ್ತುತ್ತೇವೆ. 2025ರಲ್ಲಿ ರಾಜಾಜಿನಗರದ ಮಾಲ್‌ನಲ್ಲಿ ಉತ್ಸವ ನಡೆದಾಗ ಮೆಜೆಸ್ಟಿಕ್‌ನಲ್ಲಿ ಇಳಿದು ರೈಲು ಬದಲಿಸಬೇಕಿತ್ತು. ಅಲ್ಲಿಗೆ ಹತ್ತಿರದಲ್ಲೇ ಫ್ರೀಡಂ ಪಾರ್ಕ್ ಇದೆ. ಮೊದಲು ಅದು ಸೆಂಟ್ರಲ್ ಜೈಲು. ಕನ್ನಡ ಸಿನಿಮಾವನ್ನು ಹೊರದೇಶಗಳು ನೋಡುವಂತೆ ಮಾಡಿದ ಚಿತ್ರದ ನಟಿಯನ್ನು ಸರ್ಕಾರ ಎಂಟು ತಿಂಗಳು ಕೂಡಿಹಾಕಿದ್ದು ಅಲ್ಲೇ.

ಸ್ನೇಹಲತಾ ರೆಡ್ಡಿ ರಂಗಭೂಮಿಯಿಂದ ಬಂದವರು. ಮದ್ರಾಸ್ ಪ್ಲೇಯರ್ಸ್ ತಂಡ ಕಟ್ಟಿದವರಲ್ಲಿ ಒಬ್ಬರು. ಅವರೂ ಪತಿ ಪಟ್ಟಾಭಿರಾಮ ರೆಡ್ಡಿಯವರೂ ಲೋಹಿಯಾ ವಿಚಾರಗಳನ್ನು ನಂಬಿದ್ದ ಸಮಾಜವಾದಿಗಳು. ಅನಂತಮೂರ್ತಿಯವರ ಕಾದಂಬರಿಯನ್ನು ಪಟ್ಟಾಭಿ 1970ರಲ್ಲಿ ‘ಸಂಸ್ಕಾರ’ ಸಿನಿಮಾ ಮಾಡಿದಾಗ, ಅಗ್ರಹಾರ ಹೊರಗಿಟ್ಟ ಚಂದ್ರಿಯಾಗಿ ಸ್ನೇಹಲತಾ ನಟಿಸಿದರು. ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ನಿಷೇಧಿಸಿತು. ಕೇಂದ್ರ ಸರ್ಕಾರ ನಿಷೇಧ ತೆಗೆದ ಮೇಲೆ ಅದೇ ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂತು. 1972ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲೂ ಬಹುಮಾನ ಸಿಕ್ಕಿತು.

ಆಮೇಲೆ ತುರ್ತು ಪರಿಸ್ಥಿತಿ. ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸ್ ಇವರ ಸ್ನೇಹಿತರು. ಬರೋಡಾ ಡೈನಮೈಟ್ ಪ್ರಕರಣದ ಹೆಸರಲ್ಲಿ 1976ರ ಮೇ 2ರಂದು ಸ್ನೇಹಲತಾರನ್ನು ಬಂಧಿಸಿದರು. ಕೊನೆಗೆ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯ್ದೆಯಡಿ ಒಳಗೇ ಇಟ್ಟರು. ಅವರಿಗೆ ತೀವ್ರ ಅಸ್ತಮಾ ಇತ್ತು, ಸರಿಯಾದ ಚಿಕಿತ್ಸೆ ಸಿಗಲಿಲ್ಲ. ಅಂಥ ಸ್ಥಿತಿಯಲ್ಲೂ ಜೊತೆಗಿದ್ದ ಹೆಣ್ಣುಮಕ್ಕಳನ್ನು ಹೊಡೆಯುವುದರ ವಿರುದ್ಧ ದನಿ ಎತ್ತಿದರು, ಡೈರಿ ಬರೆದರು. ಶ್ವಾಸಕೋಶ ಪೂರ್ತಿ ಹಾಳಾದ ಮೇಲೆ, 1977ರ ಜನವರಿ 15ರಂದು ಪೆರೋಲ್ ಕೊಟ್ಟರು. 18ಕ್ಕೆ ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. 20ಕ್ಕೆ ಸ್ನೇಹಲತಾ ತೀರಿಕೊಂಡರು.

ನನಗೆ ಇದು ಬರೀ ಕಾಂಗ್ರೆಸ್ ಕಾಲದ ಹಳೇ ಪಾಪದ ಕಥೆಯಲ್ಲ. ಪ್ರತಿ ಜೂನ್ 25ಕ್ಕೆ ಅವರ ಫೋಟೋ ಹಂಚಿಕೊಳ್ಳುವ ಪಕ್ಷ, ಇವತ್ತು ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಜೈಲಲ್ಲಿರುವವರ ಬಗ್ಗೆ ಮಾತೇ ಆಡಲ್ಲ. ಆ ಪಕ್ಷವನ್ನು ಬೈಯುವವರು ಸ್ನೇಹಲತಾ ಹೆಸರು ಬಂದರೆ ಮಾತು ಬದಲಿಸುತ್ತಾರೆ. ಇಬ್ಬರಿಗೂ ಆಕೆ ಬೇಕಾಗಿರುವುದು ಅರ್ಧ ಮಾತ್ರ.

ಚಿತ್ರೋತ್ಸವದಲ್ಲಿ ಸೆನ್ಸಾರ್ ಆಗದ ಚಿತ್ರ ತೋರಿಸಬೇಕೆಂದರೆ ಈಗಲೂ ಕೇಂದ್ರ ವಾರ್ತಾ ಇಲಾಖೆಯ ವಿನಾಯಿತಿ ಬೇಕು. ಅಂದರೆ ನಾವೇನು ನೋಡಬೇಕು ಅನ್ನೋದರಲ್ಲಿ ಸರ್ಕಾರದ ಕೈ ಇದ್ದೇ ಇದೆ. ಹಾಗಾಗಿ ಮುಂದಿನ ಸಲ ಪಾಸ್ ತಗೊಂಡಾಗ ಯಾವ ಚಿತ್ರ ಬಂದಿದೆ ಅಂತ ಮಾತ್ರ ನೋಡಬೇಡಿ. ಯಾವುದಕ್ಕೆ ಅನುಮತಿ ಸಿಗಲಿಲ್ಲ, ಯಾಕೆ ಸಿಗಲಿಲ್ಲ ಅಂತಲೂ ಕೇಳಿ.