ದೂರದಿಂದ ದೋಣಿ ನಡೆಸಿದ ನಿಕೊಲಾ ಟೆಸ್ಲಾ

ಮಕ್ಕಳೇ, ರಿಮೋಟ್ ಕಾರನ್ನು ನೀವು ನೋಡಿರುತ್ತೀರಿ. ಜಾತ್ರೆಯ ಅಂಗಡಿಯಲ್ಲೋ ಪೇಟೆಯಲ್ಲೋ ಗೆಳೆಯರ ಮನೆಯಲ್ಲೋ ಅದು ಓಡುವುದನ್ನು ಕಂಡು ಬೆರಗಾಗಿರುತ್ತೀರಿ. ಕೈಯಲ್ಲಿರುವ ಚಿಕ್ಕ ಪೆಟ್ಟಿಗೆಯ ಗುಂಡಿ ಒತ್ತಿದರೆ ಸಾಕು, ದೂರದಲ್ಲಿರುವ ಕಾರು ಮುಂದೆ ಓಡುತ್ತದೆ, ತಿರುಗುತ್ತದೆ, ಹಿಂದಕ್ಕೂ ಬರುತ್ತದೆ. ನಡುವೆ ತಂತಿಯಿಲ್ಲ, ದಾರವಿಲ್ಲ. ಆದರೆ ಶಾಲೆಯ ಜಗಲಿಯ ಮೇಲೆ ಚೆನ್ನಾಗಿ ಓಡಿದ ಕಾರು ಆಟದ ಬಯಲಿಗೆ ಇಳಿದ ಕೂಡಲೇ ಒಂದು ಸಣ್ಣ ಕಲ್ಲಿಗೆ ಸಿಕ್ಕಿ ನಿಂತುಬಿಡುತ್ತದೆ. ಇನ್ನೊಂದು ಕಾರು ಕಲ್ಲು, ಮರಳು, ಹುಲ್ಲು ಎಲ್ಲವನ್ನೂ ದಾಟಿ ಹೋಗುತ್ತದೆ. ಹೀಗೇಕೆ? ಇವೆರಡರಲ್ಲಿ ಒಳ್ಳೆಯದನ್ನು ಗುರುತಿಸುವುದು ಹೇಗೆ?

ಇದನ್ನು ತಿಳಿಯಬೇಕಾದರೆ ನಾವು ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗಬೇಕು. ತಂತಿಯಿಲ್ಲದೆ, ರೇಡಿಯೊ ತರಂಗಗಳ ಸಹಾಯದಿಂದ ಒಂದು ಪುಟ್ಟ ದೋಣಿಯನ್ನು ಜನರ ಎದುರಿನಲ್ಲಿ ನಡೆಸಿ ತೋರಿಸಿದ ವಿಜ್ಞಾನಿಯೊಬ್ಬರಿದ್ದರು. ಅವರೇ ನಿಕೊಲಾ ಟೆಸ್ಲಾ.

ಬೆಕ್ಕಿನ ಬೆನ್ನ ಮೇಲೆ ಕಿಡಿ

ಟೆಸ್ಲಾ ಹುಟ್ಟಿದ್ದು 1856ರ ಜುಲೈ 10ರಂದು, ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ. ಆಗ ಅದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಇಂದು ಅದು ಕ್ರೊಯೇಷಿಯಾ ದೇಶದಲ್ಲಿದೆ. ತಂದೆ ಮಿಲುಟಿನ್ ಚರ್ಚಿನ ಪಾದ್ರಿ. ತಾಯಿ ಓದು ಬರಹ ಕಲಿತವರಲ್ಲ. ಆದರೆ ಮನೆಗೆಲಸಕ್ಕೆ ಬೇಕಾದ ಚಿಕ್ಕಪುಟ್ಟ ಸಲಕರಣೆಗಳನ್ನು ತಾವೇ ಯೋಚಿಸಿ ಮಾಡಿಕೊಳ್ಳುತ್ತಿದ್ದರು. ಹೊಸದನ್ನು ಮಾಡುವ ಗುಣ ತನಗೆ ಬಂದದ್ದು ತಾಯಿಯಿಂದಲೇ ಎಂದು ಟೆಸ್ಲಾ ಮುಂದೆ ನೆನೆದಿದ್ದಾರೆ.

ಒಮ್ಮೆ ಚಳಿಗಾಲದ ಒಣಹವೆಯ ಸಂಜೆ ಬಾಲಕ ನಿಕೊಲಾ ತನ್ನ ಮುದ್ದಿನ ಬೆಕ್ಕಿನ ಬೆನ್ನು ಸವರಿದ. ಚಟಪಟ ಸದ್ದಿನೊಡನೆ ಕಿಡಿಗಳು ಹಾರಿದವು! ಮಿಂಚು ಮತ್ತು ಈ ಕಿಡಿ ಎರಡೂ ಒಂದೇ, ಎರಡೂ ವಿದ್ಯುತ್ತು ಎಂದು ತಂದೆ ತಿಳಿಸಿಕೊಟ್ಟರು. ಆ ದಿನ ಹುಟ್ಟಿದ ಕುತೂಹಲ ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ನಿಕೊಲಾ ಮಾಡಿದ ಮೊದಲ ಯಂತ್ರಗಳಲ್ಲಿ ಒಂದು ತಮಾಷೆಯದು. ತೆಳುವಾದ ಕಡ್ಡಿಯ ಮೇಲೆ ತಿರುಗುವ ಅಡ್ಡಪಟ್ಟಿಗೆ ದುಂಬಿಗಳನ್ನು ಅಂಟಿಸಿ ಬಿಟ್ಟ. ಅವು ಹಾರಲು ರೆಕ್ಕೆ ಬಡಿದಾಗ ಪಟ್ಟಿ ಗರಗರ ತಿರುಗಿ, ಅದರೊಡನೆ ಒಂದು ಬಿಲ್ಲೆಯೂ ತಿರುಗುತ್ತಿತ್ತು. ಅಷ್ಟರಲ್ಲಿ ಅಲ್ಲಿಗೆ ಬಂದ ಹುಡುಗನೊಬ್ಬ ದುಂಬಿಗಳನ್ನು ಜೀವಂತ ತಿಂದುಬಿಟ್ಟ! ಅಸಹ್ಯವಾಗಿ ನಿಕೊಲಾ ಮತ್ತೆಂದೂ ದುಂಬಿ ಮುಟ್ಟಲಿಲ್ಲ. ಆದರೆ ಯಂತ್ರ ಮಾಡುವುದನ್ನು ಬಿಡಲಿಲ್ಲ.

ಮಗ ತನ್ನಂತೆಯೇ ಪಾದ್ರಿಯಾಗಬೇಕೆಂಬುದು ತಂದೆಯ ಆಸೆ. 1873ರಲ್ಲಿ ನಿಕೊಲಾಗೆ ಕಾಲರಾ ಬಂತು. ಸುಮಾರು ಒಂಬತ್ತು ತಿಂಗಳು ಹಾಸಿಗೆ ಹಿಡಿದರು. ಬದುಕುವ ಭರವಸೆಯೇ ಇರಲಿಲ್ಲ. ಎಂಜಿನಿಯರಿಂಗ್ ಓದಿಸುವುದಾದರೆ ನಾನು ಗುಣವಾಗಬಹುದು ಎಂದು ಮಗ ತಂದೆಗೆ ಹೇಳಿದ. ತಂದೆ ಒಪ್ಪಿದರು. ಮಗ ಗುಣವಾದ!

ಮರಳಿನ ಮೇಲೆ ಬರೆದ ಚಿತ್ರ

1875ರಲ್ಲಿ ಟೆಸ್ಲಾ ಆಸ್ಟ್ರಿಯಾದ ಗ್ರಾಜ್ ನಗರದ ತಾಂತ್ರಿಕ ಶಾಲೆ ಸೇರಿದರು. ಅಲ್ಲಿ ವಿದ್ಯುತ್ ಯಂತ್ರವೊಂದು ಓಡುವಾಗ ಕಿಡಿ ಕಾರುವುದನ್ನು ಕಂಡರು. ಕಿಡಿಗೆ ಕಾರಣವಾದ ಭಾಗವನ್ನೇ ತೆಗೆದುಹಾಕಿ ಮೋಟಾರು ಮಾಡಬಾರದೇಕೆ ಎಂದು ಕೇಳಿದರು. ಅದು ಆಗದ ಮಾತು ಎಂದು ಪ್ರಾಧ್ಯಾಪಕರು ತರಗತಿಯಲ್ಲಿಯೇ ವಿವರಿಸಿದರು. ಟೆಸ್ಲಾ ಸುಮ್ಮನಾದರೂ ಪ್ರಶ್ನೆ ಸುಮ್ಮನಾಗಲಿಲ್ಲ. ಪದವಿ ಮುಗಿಸಲು ಅವರಿಂದ ಆಗಲಿಲ್ಲ. ಕೆಲಸ ಹುಡುಕಿಕೊಂಡು ಬುಡಾಪೆಸ್ಟ್ ನಗರಕ್ಕೆ ಹೋದರು. 1882ರಲ್ಲಿ ಅಲ್ಲಿನ ಉದ್ಯಾನದಲ್ಲಿ ಗೆಳೆಯನೊಡನೆ ನಡೆಯುತ್ತಿದ್ದಾಗ ಉತ್ತರ ಫಕ್ಕನೆ ಹೊಳೆಯಿತು. ಕೋಲಿನಿಂದ ಮರಳಿನ ಮೇಲೆ ಚಿತ್ರ ಬರೆದು ತೋರಿಸಿದರು. ಎ.ಸಿ. ಎಂದು ನಾವು ಕರೆಯುವ ಪರ್ಯಾಯ ವಿದ್ಯುತ್ತಿನಿಂದ ಓಡುವ ಮೋಟಾರಿನ ಕಲ್ಪನೆ ಅದು.

1884ರಲ್ಲಿ ಟೆಸ್ಲಾ ಅಮೆರಿಕದ ನ್ಯೂಯಾರ್ಕಿಗೆ ಹೋದರು. ಥಾಮಸ್ ಆಲ್ವಾ ಎಡಿಸನ್ ಅವರ ಸಂಸ್ಥೆಯಲ್ಲಿ ಕೆಲವು ತಿಂಗಳು ದುಡಿದು ಹೊರಬಂದರು. ಒಂದು ಕಾಲದಲ್ಲಿ ಹೊಟ್ಟೆಪಾಡಿಗಾಗಿ ಗುಂಡಿ ತೋಡುವ ಕೂಲಿಯನ್ನೂ ಮಾಡಿದರು. 1888ರಲ್ಲಿ ಅವರ ಮೋಟಾರಿನ ಬಗ್ಗೆ ಎಂಜಿನಿಯರುಗಳಿಗೆ ತಿಳಿಯಿತು. ಜಾರ್ಜ್ ವೆಸ್ಟಿಂಗ್‌ಹೌಸ್ ಎಂಬ ಉದ್ಯಮಿ ಅದನ್ನು ಬಳಸುವ ಹಕ್ಕು ಕೊಂಡರು. 1896ರಲ್ಲಿ ನಯಾಗರ ಜಲಪಾತದ ವಿದ್ಯುತ್ತು ದೂರದ ಬಫಲೊ ನಗರ ಸೇರಿತು. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ಹರಿದದ್ದೂ ಪರ್ಯಾಯ ವಿದ್ಯುತ್ತೇ.

ತೊಟ್ಟಿಯಲ್ಲಿ ತೇಲಿದ ದೋಣಿ

1895ರ ಮಾರ್ಚಿನಲ್ಲಿ ಟೆಸ್ಲಾ ಅವರ ಪ್ರಯೋಗಾಲಯಕ್ಕೆ ಬೆಂಕಿ ಬಿತ್ತು. ವರ್ಷಗಟ್ಟಲೆ ಮಾಡಿದ ಉಪಕರಣಗಳೂ ಟಿಪ್ಪಣಿಗಳೂ ಸುಟ್ಟುಹೋದವು. ಅವರು ಮತ್ತೆ ಮೊದಲಿನಿಂದ ಕೆಲಸ ಶುರುಮಾಡಿದರು. ಮೂರು ವರ್ಷಗಳ ಬಳಿಕ, 1898ರಲ್ಲಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನಡೆದ ಪ್ರದರ್ಶನಕ್ಕೆ ಒಂದು ವಿಚಿತ್ರ ವಸ್ತುವನ್ನು ತಂದರು.

ಅಲ್ಲೊಂದು ದೊಡ್ಡ ನೀರಿನ ತೊಟ್ಟಿ. ಅದರಲ್ಲಿ ಸುಮಾರು ನಾಲ್ಕು ಅಡಿ ಉದ್ದದ ಕಬ್ಬಿಣದ ದೋಣಿ. ಟೆಸ್ಲಾ ದೂರದಲ್ಲಿ ನಿಂತು ಒಂದು ಪೆಟ್ಟಿಗೆಯ ಹಿಡಿ ತಿರುಗಿಸಿದರು. ದೋಣಿ ಹೊರಟಿತು! ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ದೀಪ ಹಚ್ಚಿತು, ಆರಿಸಿತು. ಅರವತ್ನಾಲ್ಕರ ಘನಮೂಲ ಎಷ್ಟು ಎಂಬ ಪ್ರಶ್ನೆ ಬಂದಾಗ ದೋಣಿಯ ದೀಪ ನಾಲ್ಕು ಬಾರಿ ಮಿನುಗಿತಂತೆ. ನಾಲ್ಕನ್ನು ನಾಲ್ಕರಿಂದ ಗುಣಿಸಿ, ಮತ್ತೆ ನಾಲ್ಕರಿಂದ ಗುಣಿಸಿದರೆ ಅರವತ್ನಾಲ್ಕು ತಾನೆ? ಉತ್ತರ ಕೊಟ್ಟದ್ದು ದೋಣಿಯಲ್ಲ, ಹಿಡಿ ತಿರುಗಿಸುತ್ತಿದ್ದ ಟೆಸ್ಲಾ!

ಜನ ನಂಬಲಿಲ್ಲ. ಇದು ಮಾಟ ಎಂದರು ಕೆಲವರು. ಮನಸ್ಸಿನ ಶಕ್ತಿಯಿಂದ ನಡೆಸುತ್ತಾರೆ ಎಂದರು ಇನ್ನು ಕೆಲವರು. ಒಳಗೆ ತರಬೇತಿ ಪಡೆದ ಕೋತಿ ಕುಳಿತಿದೆ ಎಂದವರೂ ಉಂಟು. ರೇಡಿಯೊ ಎಂಬ ವಸ್ತು ಆಗಿನ್ನೂ ಯಾರ ಮನೆಯಲ್ಲೂ ಇರಲಿಲ್ಲವಲ್ಲ!

ದೋಣಿಯ ಒಳಗೆ ಇದ್ದದ್ದೇನು? ಬ್ಯಾಟರಿ, ದೋಣಿಯನ್ನು ಮುಂದೆ ತಳ್ಳುವ ಮೋಟಾರು, ಚುಕ್ಕಾಣಿ ತಿರುಗಿಸುವ ಇನ್ನೊಂದು ಮೋಟಾರು, ಸಂಕೇತವನ್ನು ಹಿಡಿಯುವ ಗ್ರಾಹಕ. ಗ್ರಾಹಕದಲ್ಲಿ ಲೋಹದ ಪುಡಿ ತುಂಬಿದ ಒಂದು ಚಿಕ್ಕ ಕೊಳವೆಯಿತ್ತು. ಸಾಮಾನ್ಯವಾಗಿ ಆ ಪುಡಿಯ ಮೂಲಕ ವಿದ್ಯುತ್ತು ಸುಲಭವಾಗಿ ಹರಿಯದು. ರೇಡಿಯೊ ತರಂಗ ತಾಗಿದಾಗ ಪುಡಿಯ ಕಣಗಳು ಒಂದಕ್ಕೊಂದು ಕೂಡಿ ವಿದ್ಯುತ್ತಿಗೆ ದಾರಿ ಬಿಡುತ್ತವೆ. ಕೂಡಲೇ ಕೊಳವೆ ತಲೆಕೆಳಗಾಗಿ ಪುಡಿ ಮತ್ತೆ ಸಡಿಲವಾಗುತ್ತಿತ್ತು, ಮುಂದಿನ ಸಂಕೇತಕ್ಕೆ ಸಿದ್ಧವಾಗುತ್ತಿತ್ತು. ಪ್ರತಿ ಸಂಕೇತಕ್ಕೂ ಒಂದು ಬಿಲ್ಲೆ ಒಂದೊಂದು ಹೆಜ್ಜೆ ತಿರುಗಿ ಚುಕ್ಕಾಣಿಯನ್ನು ಎಡಕ್ಕೋ ಬಲಕ್ಕೋ ಸರಿಸುತ್ತಿತ್ತು. ಇಂದಿನ ರಿಮೋಟ್ ಕಾರಿನಲ್ಲಿ ಪುಡಿಯ ಜಾಗದಲ್ಲಿ ಚಿಪ್ ಇದೆ. ಉಳಿದ ಭಾಗಗಳು ಬಹುಮಟ್ಟಿಗೆ ಅವೇ.

1898ರ ನವೆಂಬರ್ 8ರಂದು ಈ ಉಪಾಯಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು. ಅದರ ಸಂಖ್ಯೆ 613,809. ಅಮೆರಿಕದ ನೌಕಾಪಡೆ ಇದನ್ನು ಕೊಳ್ಳಬಹುದೆಂದು ಟೆಸ್ಲಾ ಎಣಿಸಿದ್ದರು. ಅದು ಕೈಗೂಡಲಿಲ್ಲ.

ಟೆಸ್ಲಾ ಅವರನ್ನು ಕಾಡಿದ ಇನ್ನೊಂದು ಪ್ರಶ್ನೆಯಿತ್ತು. ಬೇರೆ ಯಾರೋ ಕಳಿಸಿದ ಸಂಕೇತ ನನ್ನ ದೋಣಿಯನ್ನು ತಿರುಗಿಸಿದರೆ? ಅದಕ್ಕೆ ಅವರು ಎರಡು ಬೇರೆ ಬೇರೆ ಆವರ್ತನದ ತರಂಗಗಳನ್ನು ಒಟ್ಟಿಗೆ ಕಳಿಸುವ ಉಪಾಯ ಹುಡುಕಿದರು. ಎರಡೂ ತಲುಪಿದರೆ ಮಾತ್ರ ಗ್ರಾಹಕ ಕೆಲಸ ಮಾಡುತ್ತದೆ. ಎರಡು ಕೀಲಿಕೈ ಹಾಕಿದರೆ ಮಾತ್ರ ತೆರೆಯುವ ಬೀಗದಂತೆ! ಈ ಪ್ರಶ್ನೆಯನ್ನು ನೆನಪಿಡಿ. ಕಾರು ಆರಿಸುವಾಗ ನಮಗೂ ಬೇಕಾಗುತ್ತದೆ.

ಮುಂದಿನ ದಿನಗಳು

1901ರಲ್ಲಿ ಟೆಸ್ಲಾ ನ್ಯೂಯಾರ್ಕಿನ ಸಮೀಪ ವಾರ್ಡನ್‌ಕ್ಲಿಫ್ ಎಂಬಲ್ಲಿ ದೊಡ್ಡ ಗೋಪುರ ಕಟ್ಟಿಸತೊಡಗಿದರು. ತಂತಿಯಿಲ್ಲದೆ ಸಂದೇಶವನ್ನೂ ವಿದ್ಯುತ್ತನ್ನೂ ದೂರಕ್ಕೆ ಕಳಿಸುವುದು ಅವರ ಕನಸು. ಹಣ ಸಾಲದೆ ಕೆಲಸ ನಿಂತಿತು. 1917ರಲ್ಲಿ ಗೋಪುರವನ್ನು ಕೆಡವಲಾಯಿತು. ಕೊನೆಗಾಲದಲ್ಲಿ ಅವರು ಹೋಟೆಲಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಪಾರಿವಾಳಗಳಿಗೆ ಕಾಳು ಹಾಕುವುದು ಅವರಿಗೆ ಪ್ರಿಯವಾಗಿತ್ತು. ಕೈಯಲ್ಲಿ ಹೆಚ್ಚು ಹಣ ಉಳಿದಿರಲಿಲ್ಲ. 1943ರ ಜನವರಿ 7ರಂದು ತೀರಿಕೊಂಡರು. 1960ರಲ್ಲಿ ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನಕ್ಕೆ ಟೆಸ್ಲಾ ಎಂಬ ಹೆಸರಿಟ್ಟು ಜಗತ್ತು ಅವರನ್ನು ಗೌರವಿಸಿತು.

ದೋಣಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. 1970ರಲ್ಲಿ ಸೋವಿಯತ್ ದೇಶದ ಲುನೊಖೋದ್ ಎಂಬ ಎಂಟು ಚಕ್ರದ ಬಂಡಿ ಚಂದ್ರನ ಮೇಲೆ ಇಳಿಯಿತು. ಭೂಮಿಯಲ್ಲಿ ಕುಳಿತ ಚಾಲಕರು ಅದನ್ನು 10 ಕಿ.ಮೀ.ಗೂ ಹೆಚ್ಚು ದೂರ ಓಡಿಸಿದರು. 1979ರಲ್ಲಿ ಜಪಾನಿನ ತಮಿಯಾ ಕಂಪನಿ ಮರಳು, ಮಣ್ಣಿನ ಮೇಲೆ ಓಡುವ ರಿಮೋಟ್ ಕಾರುಗಳನ್ನು ಮಾರುಕಟ್ಟೆಗೆ ತಂದಿತು. 2023ರ ಆಗಸ್ಟಿನಲ್ಲಿ ನಮ್ಮ ಚಂದ್ರಯಾನ-3ರ ಆರು ಚಕ್ರದ ಪ್ರಜ್ಞಾನ್ ಚಂದ್ರನ ಮೇಲೆ ಇಳಿಯಿತು. ಆಗಸ್ಟ್ 27ರಂದು ಅದರ ಎದುರು ನಾಲ್ಕು ಮೀಟರ್ ಅಗಲದ ಕುಳಿ ಕಂಡಿತು. ಹಿಂದಿರುಗು ಎಂಬ ಆದೇಶವನ್ನು ಇಸ್ರೊ ವಿಜ್ಞಾನಿಗಳು ಕಳಿಸಿದರು. ಪ್ರಜ್ಞಾನ್ ಬೇರೆ ದಾರಿ ಹಿಡಿಯಿತು. ಅದನ್ನು ನಡೆಸಿದ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲಿ!

ಒರಟು ನೆಲಕ್ಕೆ ಯಾವ ಕಾರು?

ಮನೆಯಲ್ಲಿ ಹಿರಿಯರು ಇಂತಹ ಕಾರು ಕೊಡಿಸುವಾಗ ಬಣ್ಣವನ್ನೋ ವೇಗವನ್ನೋ ಮಾತ್ರ ನೋಡಬೇಡಿ. ಹೀಗೆ ಪರೀಕ್ಷಿಸಿ.

1. ಸಂಕೇತ: ಟೆಸ್ಲಾ ಅವರ ಪ್ರಶ್ನೆಯನ್ನೇ ಕೇಳಿ. ಅಗ್ಗದ ಹಲವು ಕಾರುಗಳು 27 ಮೆಗಾಹರ್ಟ್ಜ್ ಆವರ್ತನ ಬಳಸುತ್ತವೆ. ಅಂತಹ ಎರಡು ಕಾರು ಅಕ್ಕಪಕ್ಕ ಇದ್ದರೆ ನಿಮ್ಮ ಗುಂಡಿಗೆ ಗೆಳೆಯನ ಕಾರು ಓಡಬಹುದು! 2.4 ಗಿಗಾಹರ್ಟ್ಜ್ ಎಂದು ಬರೆದಿರುವ ಕಾರು ಸಾಮಾನ್ಯವಾಗಿ ತನ್ನ ರಿಮೋಟಿನ ಗುರುತನ್ನು ಮಾತ್ರ ಪಾಲಿಸುತ್ತದೆ.

2. ಚಕ್ರಗಳ ಬಲ: ಕಾರನ್ನು ಎತ್ತಿ ಹಿಡಿದು ಗುಂಡಿ ಒತ್ತಿ. ನಾಲ್ಕು ಚಕ್ರಗಳೂ ತಿರುಗುತ್ತವೆಯೇ? ಹಿಂದಿನ ಎರಡು ಮಾತ್ರ ತಿರುಗಿದರೆ, ಅವು ಮರಳಿನಲ್ಲಿ ಹೂತಾಗ ಕಾರು ನಿಂತುಬಿಡುತ್ತದೆ. ನಾಲ್ಕೂ ತಿರುಗಿದರೆ ಉಳಿದ ಚಕ್ರಗಳು ಎಳೆದುಕೊಂಡು ಹೋಗುತ್ತವೆ.

3. ಟೈರು: ಟ್ರ್ಯಾಕ್ಟರಿನ ಟೈರು ನೆನಪಿಸಿಕೊಳ್ಳಿ. ಉಬ್ಬು ತಗ್ಗುಗಳಿರುವ ಮೆತ್ತನೆಯ ರಬ್ಬರ್ ಟೈರು ಮಣ್ಣನ್ನು ಹಿಡಿಯುತ್ತದೆ. ನುಣುಪಾದ ಪ್ಲಾಸ್ಟಿಕ್ ಚಕ್ರ ಜಾರುತ್ತದೆ.

4. ಹೊಟ್ಟೆಯ ಎತ್ತರ: ಕಾರಿನ ಕೆಳಗೆ ಬೆಂಕಿಪೊಟ್ಟಣ ತೂರಿಸಿ ನೋಡಿ. ಸಲೀಸಾಗಿ ತೂರಿದರೆ ಸಣ್ಣ ಕಲ್ಲುಗಳು ಹೊಟ್ಟೆಗೆ ತಾಗುವುದಿಲ್ಲ. ಆದರೆ ಎತ್ತರ ಅತಿಯಾಗಿ ಅಗಲ ಕಡಿಮೆಯಾದರೆ ತಿರುವಿನಲ್ಲಿ ಕಾರು ಮಗುಚುತ್ತದೆ.

5. ಸ್ಪ್ರಿಂಗು: ಮೇಲಿನಿಂದ ಮೆಲ್ಲಗೆ ಅದುಮಿ. ತಗ್ಗಿ ಮತ್ತೆ ಏಳಬೇಕು. ಸ್ಪ್ರಿಂಗು ಇದ್ದರೆ ಹಳ್ಳದಿಣ್ಣೆಯಲ್ಲೂ ಚಕ್ರಗಳು ನೆಲ ಬಿಡುವುದಿಲ್ಲ.

6. ಗೇರು: ಸಣ್ಣ ಹಲ್ಲಿನ ಚಕ್ರ ದೊಡ್ಡ ಹಲ್ಲಿನ ಚಕ್ರವನ್ನು ತಿರುಗಿಸಿದಾಗ ವೇಗ ತಗ್ಗುತ್ತದೆ, ಬಲ ಹೆಚ್ಚುತ್ತದೆ. ದಿಣ್ಣೆ ಹತ್ತಲು ಬೇಕಾದದ್ದು ಬಲ. ಹೀಗಾಗಿ ನಿಧಾನವಾಗಿ ಓಡುವ ಕಾರು ಕೆಟ್ಟದ್ದೆಂದು ತಿಳಿಯಬೇಡಿ.

7. ಸುರಕ್ಷತೆ: 2021ರ ಜನವರಿಯಿಂದ ನಮ್ಮ ದೇಶದಲ್ಲಿ ಆಟಿಕೆಗಳ ಮೇಲೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಅದನ್ನು ಹುಡುಕಿ. ಹಿರಿಯರು ಇರುವಾಗಲೇ ಬ್ಯಾಟರಿ ಚಾರ್ಜ್ ಮಾಡಿ. ಉಬ್ಬಿದ ಬ್ಯಾಟರಿಯನ್ನು ಬಳಸಬೇಡಿ. ಕೆಸರು ನೀರಿಗೆ ಇಳಿಸುವ ಮುನ್ನ ಬ್ಯಾಟರಿಯ ಗೂಡಿನ ಮುಚ್ಚಳ ಬಿಗಿಯಾಗಿದೆಯೇ ನೋಡಿ.

ಮಾಡಿ ನೋಡಿ

ಕಾರು ಕೊಳ್ಳಲೇಬೇಕೆಂದಿಲ್ಲ. ಬೆಂಕಿಪೊಟ್ಟಣದ ಎರಡು ಬಂಡಿ ಮಾಡಿ. ಒಂದಕ್ಕೆ ಸೀಸೆಯ ಮುಚ್ಚಳದ ಚಕ್ರ, ಇನ್ನೊಂದಕ್ಕೆ ಹಳೆಯ ಹವಾಯಿ ಚಪ್ಪಲಿಯಿಂದ ಅಷ್ಟೇ ಅಗಲಕ್ಕೆ ಕತ್ತರಿಸಿದ ಚಕ್ರ ಹಾಕಿ. ಕತ್ತರಿಸಲು ಹಿರಿಯರ ಸಹಾಯ ಪಡೆಯಿರಿ. ಚಕ್ರಗಳು ತಿರುಗದಂತೆ ದಾರದಿಂದ ಕಟ್ಟಿ, ಎರಡನ್ನೂ ಒಂದು ಹಲಗೆಯ ಮೇಲಿಡಿ. ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತಿ. ಯಾವ ಬಂಡಿ ಮೊದಲು ಜಾರಿತು? ಹಲಗೆಯ ಮೇಲೆ ಮರಳು ಹರಡಿದರೆ ಏನಾಗುತ್ತದೆ? ಬರೆದಿಟ್ಟುಕೊಂಡು ಗುರುಗಳೊಡನೆ ಚರ್ಚಿಸಿ.

ಟೆಸ್ಲಾ ಅವರ ದೋಣಿಯಲ್ಲಿ ಕೋತಿಯಿದೆ ಎಂದವರು ಅಚ್ಚರಿಪಟ್ಟು ಮನೆಗೆ ಹೋದರು. ಒಳಗೆ ಏನಿದೆ ಎಂದು ಕೇಳಿದವರು ಚಂದ್ರನವರೆಗೆ ಬಂಡಿ ಕಳಿಸಿದರು. ಮುಂದಿನ ಬಾರಿ ಆಟಿಕೆಯೊಂದು ಕೈಗೆ ಬಂದಾಗ ನೀವೂ ಕೇಳುತ್ತೀರಲ್ಲವೇ?