ಉಪ್ಪುನೀರಿಗೆ ಫ್ಲೈ ಗಾಳ ಬೀಸಿದ ಜೋ ಬ್ರೂಕ್ಸ್

ಗಾಳ ಹಾಕಿ ಮೀನು ಹಿಡಿಯುವುದು ನಮ್ಮ ಕಡೆಯವರಿಗೆ ಹೊಸ ವಿಷಯವೇನಲ್ಲ. ಕಾಸರಗೋಡಿನ ಚಂದ್ರಗಿರಿ ಹೊಳೆಯ ಅಳಿವೆಯಿರಲಿ, ವಯನಾಡಿನ ಕಬಿನಿಯ ದಡವಿರಲಿ, ಕೋಲು, ದಾರ, ಎರೆಹುಳು ಹಿಡಿದು ಕೂರುವವರು ಸಿಕ್ಕೇ ಸಿಗುತ್ತಾರೆ. ಆದರೆ ಎರೆಹುಳುವೂ ಇಲ್ಲದೆ, ಸಿಗಡಿಯೂ ಇಲ್ಲದೆ, ಸೀಸದ ಗುಂಡೂ ಇಲ್ಲದೆ, ಒಂದಿಷ್ಟು ಕೂದಲು, ಗರಿ ಕಟ್ಟಿದ ಕೊಕ್ಕೆಯಿಂದಲೇ ಸಮುದ್ರದ 60 ಕಿಲೋ ಮೀರಿದ ಮೀನನ್ನು ಹಿಡಿಯಬಹುದು ಎಂದರೆ ನಂಬುವುದು ಕಷ್ಟ. ಅದನ್ನು ಮಾಡಿ ತೋರಿಸಿ, ಸಾವಿರಾರು ಜನರಿಗೆ ಕಲಿಸಿಕೊಟ್ಟವರು ಅಮೆರಿಕದ ಜೋ ಬ್ರೂಕ್ಸ್. ಗಾಳದ ಮೀನುಗಾರಿಕೆಯನ್ನು ಹವ್ಯಾಸವಾಗಿ ಇಟ್ಟುಕೊಂಡವರ ನಡುವೆ ಅವರ ಹೆಸರು ಇಂದಿಗೂ ಗೌರವದಿಂದ ಕೇಳಿಬರುತ್ತದೆ.

ಅವರ ಬದುಕು ನೇರ ದಾರಿಯಲ್ಲಿ ಸಾಗಿದ್ದಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮ್ಮಲ್ಲಿದೆ. ಬ್ರೂಕ್ಸ್ ಅವರ ಬದುಕು ಈ ಗಾದೆಯನ್ನು ಸುಳ್ಳು ಮಾಡುವಂಥದ್ದು.

ಕೈತಪ್ಪಿದ ಮೊದಲಾರ್ಧ

ಜೋಸೆಫ್ ಬ್ರೂಕ್ಸ್ ಹುಟ್ಟಿದ್ದು 1901ರಲ್ಲಿ, ಅಮೆರಿಕದ ಪೂರ್ವ ಕರಾವಳಿಯ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದಲ್ಲಿ. ಮನೆಯವರದು ವಿಮಾ ವ್ಯವಹಾರ. ಊಟ ಬಟ್ಟೆಗೆ ಕೊರತೆಯಿಲ್ಲದ ಕುಟುಂಬ. ಹುಡುಗ ಆಟೋಟಗಳಲ್ಲಿ ಮುಂದು. ಬೇಸ್‌ಬಾಲ್, ಫುಟ್‌ಬಾಲ್, ಗಾಲ್ಫ್, ಬಾಕ್ಸಿಂಗ್ ಎಲ್ಲದರಲ್ಲೂ ಒಳ್ಳೆಯ ಕೈ. ಊರಿನ ಪಕ್ಕದಲ್ಲೇ ಚೆಸಪೀಕ್ ಎಂಬ ದೊಡ್ಡ ಕೊಲ್ಲಿ ಇದ್ದುದರಿಂದ ಗಾಳದ ಗೀಳೂ ಚಿಕ್ಕಂದಿನಲ್ಲೇ ಅಂಟಿಕೊಂಡಿತು.

ಇಷ್ಟೆಲ್ಲ ಇದ್ದರೂ ಕುಡಿತ ಅವರನ್ನು ನುಂಗಿತು. ಮನೆತನದ ವ್ಯವಹಾರದಲ್ಲಿ ನೆಲೆ ತಪ್ಪಿತು, ಸಂಸಾರ ಮುರಿಯಿತು, ಊರಿನಲ್ಲಿ ಹೆಸರು ಕೆಟ್ಟಿತು. ಈ ಅಧ್ಯಾಯ ಬಹುಕಾಲ ಹೊರಜಗತ್ತಿಗೆ ಅಷ್ಟಾಗಿ ತಿಳಿದಿರಲಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷಗಳ ನಂತರ ತಯಾರಾದ ಸಾಕ್ಷ್ಯಚಿತ್ರವೊಂದು ಅದನ್ನು ಮುಚ್ಚುಮರೆಯಿಲ್ಲದೆ ಮುಂದಿಟ್ಟಿತು.

ನಡುವಯಸ್ಸಿಗೆ ಬರುವ ಹೊತ್ತಿಗೆ ಬ್ರೂಕ್ಸ್ ಬಾಟಲಿ ಬಿಟ್ಟರು. ಮೇರಿ ಎಂಬವರನ್ನು ಮದುವೆಯಾದರು. ಬಾಲ್ಯದಿಂದ ಬಲ್ಲ ಒಂದೇ ಒಂದು ವಿದ್ಯೆಯನ್ನು ಹಿಡಿದು, ಅದರ ಬಗ್ಗೆ ಪತ್ರಿಕೆಗಳಿಗೆ ಬರೆಯುತ್ತ ಹೊಸ ಜೀವನ ಆರಂಭಿಸಿದರು. ಮುಂದಿನ ತಿರುಗಾಟಗಳಲ್ಲೆಲ್ಲ ಮೇರಿ ಅವರ ಜೊತೆಗಿದ್ದರು. ಜಗತ್ತು ಗುರುತಿಸಿದ ಜೋ ಬ್ರೂಕ್ಸ್ ರೂಪುಗೊಂಡದ್ದು 40 ದಾಟಿದ ಮೇಲೆಯೇ ಎಂಬುದು ಗಮನಾರ್ಹ.

ಫ್ಲೈ ಫಿಶಿಂಗ್ ಎಂದರೇನು?

ಇಲ್ಲಿ ಆ ವಿದ್ಯೆಯ ಬಗ್ಗೆ ಸ್ವಲ್ಪ ಹೇಳಬೇಕು. ಸಾಮಾನ್ಯ ಗಾಳದಲ್ಲಿ ಎರೆ ಅಥವಾ ಸೀಸದ ಭಾರ ದಾರವನ್ನು ಎಳೆದುಕೊಂಡು ನೀರಿಗೆ ಬೀಳುತ್ತದೆ. ಫ್ಲೈ ಗಾಳದಲ್ಲಿ ತುದಿಯ ಕೊಕ್ಕೆಗೆ ಭಾರವೇ ಇರುವುದಿಲ್ಲ. ಅದಕ್ಕೆ ಗರಿ, ಕೂದಲು, ದಾರ ಸುತ್ತಿ ನೊಣದಂತೆಯೋ, ಸಣ್ಣ ಮೀನಿನಂತೆಯೋ ಮಾಡಿರುತ್ತಾರೆ. ಇದೇ ಫ್ಲೈ. ಭಾರ ಇರುವುದು ದಪ್ಪನೆಯ ದಾರದಲ್ಲಿ. ಬಾರುಕೋಲು ಬೀಸಿದಂತೆ ಕೋಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದಾಗ ದಾರ ಗಾಳಿಯಲ್ಲಿ ಸುರುಳಿ ಬಿಚ್ಚಿಕೊಂಡು ಫ್ಲೈಯನ್ನು ಒಯ್ದು ಇಳಿಸುತ್ತದೆ. ಇದಕ್ಕೆ ತೋಳಿನ ಬಲಕ್ಕಿಂತ ಹೆಚ್ಚಾಗಿ ಕಾಲಜ್ಞಾನ ಬೇಕು. ಹಿಂದೆ ಹೋದ ದಾರ ಪೂರ್ತಿ ನೀಳವಾಗುವ ಮೊದಲೇ ಮುಂದಕ್ಕೆ ಬೀಸಿದರೆ ಕೆಲಸ ಕೆಟ್ಟಿತು.

ಹಳೆಯ ಕಾಲದಿಂದ ಇದು ತಣ್ಣೀರ ಹೊಳೆಗಳ ಟ್ರೌಟ್, ಸಾಮನ್ ಮೀನುಗಳಿಗೆ ಮೀಸಲಾದ ಕಲೆಯಾಗಿತ್ತು. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬಂದಾಗಲೂ ಬಹುಪಾಲು ಹೊಳೆಯ ದಡದಲ್ಲೇ ಉಳಿಯಿತು. ಸಮುದ್ರದಲ್ಲಿ ಇದು ನಡೆಯದು, ಅಲ್ಲಿ ಗಾಳಿ ಜೋರು, ಮೀನಿನ ಬಲ ಹೆಚ್ಚು, ಉಪ್ಪು ಸಲಕರಣೆಯನ್ನೇ ತಿನ್ನುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅಲ್ಲೊಬ್ಬರು ಇಲ್ಲೊಬ್ಬರು ಪ್ರಯತ್ನಿಸಿದ್ದುಂಟು. ಆದರೆ ಅದು ಕೆಲವರ ಹುಚ್ಚು ಎಂದೇ ಗಣನೆಯಾಗಿತ್ತು.

1947: ತಿರುವು ತಂದ ವರ್ಷ

1947ರ ಜೂನ್ ತಿಂಗಳಲ್ಲಿ ಬ್ರೂಕ್ಸ್ ಫ್ಲಾರಿಡಾದ ದಕ್ಷಿಣ ತುದಿಯ ದ್ವೀಪಸಾಲಿಗೆ ಹೋದರು. ಅಲ್ಲಿನ ಇಸ್ಲಾಮೊರಾಡಾ ಎಂಬ ಊರಿನ ದೋಣಿ ಮಾರ್ಗದರ್ಶಿ ಜಿಮ್ಮಿ ಆಲ್‌ಬ್ರೈಟ್ ಜೊತೆಗಿದ್ದರು. ಅವರು ಹುಡುಕಿಕೊಂಡು ಹೋದದ್ದು ಬೋನ್‌ಫಿಶ್ ಎಂಬ ಬೆಳ್ಳಿ ಬಣ್ಣದ ಮೀನನ್ನು. ಉಬ್ಬರದ ನೀರು ಏರುವಾಗ ಈ ಮೀನು ಮೊಣಕಾಲುದ್ದದ ನೀರಿರುವ ಮರಳು ಹಾಸಿಗೆ ಬಂದು ಸಿಗಡಿ, ಏಡಿ ಕೆದಕಿ ತಿನ್ನುತ್ತದೆ. ಮೈ ಕನ್ನಡಿಯಂತೆ ಇರುವುದರಿಂದ ಎದುರಿಗೇ ಇದ್ದರೂ ಕಣ್ಣಿಗೆ ಬೀಳುವುದು ಕಷ್ಟ. ದೋಣಿಯಲ್ಲಿ ಸಣ್ಣ ಸದ್ದಾದರೂ ಓಡಿಬಿಡುತ್ತದೆ.

ಅದಕ್ಕೆ ಮುಂಚೆ ಬೋನ್‌ಫಿಶ್ ಫ್ಲೈಗೆ ಸಿಕ್ಕಿದ್ದು ಹೆಚ್ಚಾಗಿ ಆಕಸ್ಮಿಕವಾಗಿ, ಬೇರೆ ಮೀನಿಗೆ ಗಾಳ ಹಾಕಿದಾಗ. ಆಲ್‌ಬ್ರೈಟ್ ಉದ್ದನೆಯ ಗಳ ಊರಿ ದೋಣಿಯನ್ನು ಸದ್ದಿಲ್ಲದೆ ನಡೆಸಿದರು. ಬ್ರೂಕ್ಸ್ ಮೀನನ್ನು ಕಣ್ಣಾರೆ ಕಂಡು, ಅದು ಸಾಗುವ ದಾರಿಯ ಮುಂದೆ ಫ್ಲೈ ಇಳಿಸಿ ಹಿಡಿದರು. ಬೋನ್‌ಫಿಶ್‌ಗೆಂದೇ ಹೋಗಿ, ನೋಡಿ, ಫ್ಲೈಯಿಂದ ಹಿಡಿದ ಈ ಸುದ್ದಿ ಪತ್ರಿಕೆಗಳ ಮೂಲಕ ಹರಡಿತು. ಕಡಲಲ್ಲಿ ಇದು ಆಗದು ಎಂಬ ಮಾತಿಗೆ ಪೆಟ್ಟು ಬಿತ್ತು.

ಮರುವರ್ಷ, 1948ರಲ್ಲಿ, ದೇಶದ ಇನ್ನೊಂದು ಅಂಚಿನ ಓರೆಗಾನ್ ರಾಜ್ಯದ ಕೂಸ್ ಬೇ ಎಂಬಲ್ಲಿ 29 ಪೌಂಡ್ 6 ಔನ್ಸ್, ಅಂದರೆ ಸುಮಾರು 13 ಕಿಲೋ ತೂಕದ ಸ್ಟ್ರೈಪ್ಡ್ ಬಾಸ್ ಮೀನನ್ನು ಫ್ಲೈ ಕೋಲಿನಿಂದ ಹಿಡಿದರು. ಇದು ಬಹಳ ವರ್ಷ ದಾಖಲೆಯಾಗಿ ಉಳಿಯಿತು. 1950ರಲ್ಲಿ ಅವರ 'ಸಾಲ್ಟ್ ವಾಟರ್ ಫ್ಲೈ ಫಿಶಿಂಗ್' ಪುಸ್ತಕ ಹೊರಬಂತು. ಇಡೀ ಪುಸ್ತಕವನ್ನು ಈ ಒಂದೇ ವಿಷಯಕ್ಕೆ ಮುಡಿಪಾಗಿಟ್ಟವರಲ್ಲಿ ಅವರೇ ಮೊದಲಿಗರು ಎನ್ನಲಾಗುತ್ತದೆ. ಆ ದಿನಗಳಲ್ಲಿ ಅವರು ಮಯಾಮಿ ನಗರದ ದೊಡ್ಡ ಗಾಳ ಸ್ಪರ್ಧೆಯ ನಿರ್ವಾಹಕರಾಗಿಯೂ ಕೆಲಸ ಮಾಡಿದರು.

ಸಲಕರಣೆ, ಕೈಚಳಕ

ಹೊಳೆಯ ಸಲಕರಣೆ ಕಡಲಿಗೆ ಸಾಲದು. ಹಿಂದೆ ಬಿದಿರನ್ನು ಸೀಳಿ ಅಂಟಿಸಿದ ಕೋಲುಗಳಿದ್ದವು. ಎರಡನೇ ಮಹಾಯುದ್ಧದ ನಂತರ ಫೈಬರ್ ಗ್ಲಾಸ್ ಕೋಲುಗಳು ಬಂದವು. ಇವು ಬಿದಿರಿಗಿಂತ ಅಗ್ಗ, ಉಪ್ಪುನೀರಿಗೂ ಜಗ್ಗುವುದಿಲ್ಲ. ಬ್ರೂಕ್ಸ್ ಅವರ ಪ್ರಚಾರ ಮತ್ತು ಈ ಕೋಲುಗಳು ಒಂದೇ ಕಾಲಕ್ಕೆ ಬಂದದ್ದರಿಂದ ಸಂಬಳದಾರರೂ ಕಡಲ ದಂಡೆಗೆ ಬರುವಂತಾಯಿತು. ಈಗ ಗ್ರಾಫೈಟ್ ಕೋಲುಗಳ ಕಾಲ. ಉದ್ದ ಸಾಮಾನ್ಯವಾಗಿ 9 ಅಡಿ. ದಾರದ ಭಾರಕ್ಕೆ ತಕ್ಕಂತೆ ಕೋಲಿಗೆ ನಂಬರು ಕೊಡುತ್ತಾರೆ. ಟ್ರೌಟ್‌ಗೆ 4ರಿಂದ 6, ಬೋನ್‌ಫಿಶ್‌ಗೆ 8, ದೊಡ್ಡ ಟಾರ್ಪನ್‌ಗೆ 11 ಅಥವಾ 12.

ಹೊಳೆಯಲ್ಲಿ ರೀಲು ದಾರ ಸುತ್ತಿಡುವ ಡಬ್ಬಿಯಷ್ಟೆ. ಕಡಲಲ್ಲಿ ಅದೇ ಬ್ರೇಕು. ಬೋನ್‌ಫಿಶ್ ಒಂದೇ ಓಟಕ್ಕೆ 100 ಮೀಟರ್ ದಾರ ಎಳೆದುಕೊಂಡು ಹೋಗಬಲ್ಲದು. ಹೀಗಾಗಿ ದಪ್ಪ ದಾರದ ಹಿಂದೆ 180 ಮೀಟರಿಗೂ ಹೆಚ್ಚು ತೆಳುವಾದ ಬಲವಾದ ದಾರ ಸುತ್ತಿರುತ್ತಾರೆ. ಮೀನು ಓಡುವಾಗ ರೀಲಿನ ಹಿಡಿ ಗಿರ್ರನೆ ತಿರುಗುತ್ತದೆ, ಬೆರಳು ಅಡ್ಡ ಬಂದರೆ ಗಾಯ ಖಚಿತ. ತೆಳು ದಾರವನ್ನು ದಪ್ಪ ದಾರಕ್ಕೆ ಜೋಡಿಸುವ ಒಂದು ಗಂಟು ಇಂದಿಗೂ ಜಿಮ್ಮಿ ಆಲ್‌ಬ್ರೈಟ್ ಅವರ ಹೆಸರಿನಲ್ಲೇ ಇದೆ. ದಿನದ ಕೊನೆಗೆ ರೀಲು, ಕೊಕ್ಕೆ, ಕೋಲು ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಪ್ಪು ಅವುಗಳನ್ನು ಹಾಳುಮಾಡುತ್ತದೆ.

ಕಡಲಿಗೆ ಬ್ರೂಕ್ಸ್ ಬಳಕೆಗೆ ತಂದ ಫ್ಲೈ ತೀರಾ ಸರಳ. ಕೊಕ್ಕೆಯ ಮೈಗೆ ಹೊಳೆಯುವ ಜರಿ ಸುತ್ತಿ, ತಲೆಯ ಬಳಿ ಒಂದು, ಬಾಲದ ಬಳಿ ಒಂದು ಜಿಂಕೆ ಬಾಲದ ಕೂದಲಿನ ಕುಚ್ಚು ಕಟ್ಟಿದರೆ ಆಯಿತು. ಬಿಳಿ, ಹಳದಿ, ಕಪ್ಪು ಹೀಗೆ ಬೇರೆ ಬೇರೆ ಬಣ್ಣದಲ್ಲಿ ಕಟ್ಟಿದ ಇವುಗಳಿಗೆ 'ಬ್ಲಾಂಡ್' ಫ್ಲೈಗಳೆಂದು ಹೆಸರು. ನೀರಿನಲ್ಲಿ ಇದು ಓಡುವ ಮರಿಮೀನಿನಂತೆ ಕಾಣುತ್ತದೆ. ಯಾರು ಬೇಕಾದರೂ ಮನೆಯಲ್ಲೇ ಕಟ್ಟಿಕೊಳ್ಳಬಹುದಾಗಿತ್ತು.

ಟಾರ್ಪನ್ ಜೊತೆಗಿನ ಹೋರಾಟ

ಬ್ರೂಕ್ಸ್ ಅವರ ಹೆಸರಿಗೆ ಇನ್ನಷ್ಟು ಮೆರುಗು ತಂದದ್ದು 1961ರ ಟಾರ್ಪನ್. ಫ್ಲಾರಿಡಾ ದ್ವೀಪಗಳಲ್ಲಿ ಸ್ಟು ಆಪ್ಟೆ ಎಂಬ ಮಾರ್ಗದರ್ಶಿಯ ದೋಣಿಯಿಂದ ಹಿಡಿದ ಆ ಮೀನು 148.5 ಪೌಂಡ್, ಅಂದರೆ 67 ಕಿಲೋಗೂ ಹೆಚ್ಚು ತೂಗಿತು. ಗಾಳದ ದಾರದ ಅತಿ ತೆಳುವಾದ ಭಾಗ ತಾಳುವ ಭಾರ ಕೇವಲ 12 ಪೌಂಡ್, ಸುಮಾರು ಐದೂವರೆ ಕಿಲೋ. ತನಗಿಂತ 12 ಪಟ್ಟು ಹೆಚ್ಚು ತೂಕದ ಮೀನನ್ನು ಆ ದಾರ ಎಳೆದು ತಂದಿತ್ತು. ಆಗ ಬ್ರೂಕ್ಸ್ ವಯಸ್ಸು 60ರ ಹತ್ತಿರ.

ಟಾರ್ಪನ್ ಜಾತಿಗೆ ಸೇರಿದ ಒಂದು ಚಿಕ್ಕ ಮೀನು ನಮ್ಮ ಪಶ್ಚಿಮ ಕರಾವಳಿಯ ಅಳಿವೆ, ಹಿನ್ನೀರುಗಳಲ್ಲೂ ಇದೆ. ದೊಡ್ಡ ಹುರುಪೆ, ದೊಡ್ಡ ಕಣ್ಣು, ಮೇಲ್ಮುಖದ ಬಾಯಿ ಎರಡಕ್ಕೂ ಒಂದೇ ತೆರ. ಅಟ್ಲಾಂಟಿಕ್ ಸಾಗರದ ಟಾರ್ಪನ್ ಮಾತ್ರ ಆಳೆತ್ತರ ಬೆಳೆಯುತ್ತದೆ. ಬಾಯಿ ಎಲುಬಿನಂತೆ ಗಟ್ಟಿ. ಕೊಕ್ಕೆ ತಾಗಿದೊಡನೆ ನೀರಿನಿಂದ ಮೇಲಕ್ಕೆ ಹಾರಿ ತಲೆ ಕೊಡವುತ್ತದೆ.

ಇಂಥ ಮೀನಿಗೆ ಕೈಚಳಕವೂ ಬೇರೆ. ಹೊಳೆಯಲ್ಲಿ ಮೀನು ಕಚ್ಚಿದಾಗ ಕೋಲೆತ್ತುವುದು ರೂಢಿ. ಇಲ್ಲಿ ಕೋಲೆತ್ತಿದರೆ ಕೊಕ್ಕೆ ನಾಟುವುದಿಲ್ಲ, ಕೋಲನ್ನು ಮೀನಿನ ಕಡೆಗೇ ಇಟ್ಟು ದಾರವನ್ನು ಕೈಯಿಂದ ಜಗ್ಗಬೇಕು. ಮೀನು ಹಾರಿದಾಗ ಎಳೆದು ಹಿಡಿದರೆ ದಾರ ತುಂಡಾಗುತ್ತದೆ. ಅದಕ್ಕೇ ಕೋಲನ್ನು ಮೀನಿನ ಕಡೆಗೆ ಬಾಗಿಸಿ ದಾರ ಸಡಿಲ ಬಿಡಬೇಕು. ಮೀನಿಗೆ ನಮಸ್ಕಾರ ಮಾಡಿದಂತೆ ಕಾಣುವ ಈ ಭಂಗಿ ಇಂದಿಗೂ ಟಾರ್ಪನ್ ಹಿಡಿಯುವವರ ಮೊದಲ ಪಾಠ. ಕೊಕ್ಕೆಗೆ ತಾಗಿದ ಒಂದು ಅಡಿಯಷ್ಟು ದಾರ ಮಾತ್ರ ದಪ್ಪನಾಗಿರಬೇಕು. ಇಲ್ಲದಿದ್ದರೆ ಮೀನಿನ ಒರಟು ಬಾಯಿ ಅದನ್ನು ಸವೆಸಿ ಹಾಕುತ್ತದೆ. ಎದುರುಗಾಳಿಯಲ್ಲಿ ದೂರ ಬೀಸಲು ಎಡಗೈಯಿಂದ ದಾರವನ್ನು ಎರಡು ಬಾರಿ ಜಗ್ಗಿ ಬಿಡುವ ಕ್ರಮವನ್ನೂ ಕಲಿಯಬೇಕು.

ಕಾಡುಕೋಳಿಯ ಗರಿ, ಶಿಷ್ಯರ ಬಳಗ

ಮೇರಿಲ್ಯಾಂಡಿನಲ್ಲಿ ಹುಟ್ಟಿಕೊಂಡ 'ಬ್ರದರ್‌ಹುಡ್ ಆಫ್ ದ ಜಂಗಲ್ ಕಾಕ್' ಎಂಬ ಸಂಘದ ಸ್ಥಾಪಕ ಸದಸ್ಯರಲ್ಲಿ ಬ್ರೂಕ್ಸ್ ಒಬ್ಬರು. ಮಕ್ಕಳಿಗೆ ಗಾಳದ ವಿದ್ಯೆಯನ್ನೂ ಹೊಳೆ, ಮೀನುಗಳ ಸಂರಕ್ಷಣೆಯನ್ನೂ ಕಲಿಸುವುದು ಇದರ ಉದ್ದೇಶ. ಈ ಹೆಸರಿಗೂ ನಮ್ಮ ಗಡಿನಾಡಿಗೂ ಒಂದು ನಂಟಿದೆ. ಜಂಗಲ್ ಕಾಕ್ ಎಂದರೆ ವಯನಾಡು, ನೀಲಗಿರಿ, ತಾಳವಾಡಿ ಕಾಡುಗಳಲ್ಲಿ ಬೆಳಗಾಗುತ್ತಲೇ ಕೂಗುವ ಬೂದು ಕಾಡುಕೋಳಿ. ಹುಂಜದ ಕುತ್ತಿಗೆಯ ಗರಿಯ ಮೇಲೆ ಅರಗು ಸುರಿದಂತೆ ಹೊಳೆಯುವ ಬಿಳಿ, ಹಳದಿ ಚುಕ್ಕೆಗಳಿರುತ್ತವೆ. ಇದನ್ನು ಕಣ್ಣಿನಂತೆ ಕಾಣಲು ಫ್ಲೈಗೆ ಕಟ್ಟುತ್ತಿದ್ದರು. ಈ ಬೇಡಿಕೆಗಾಗಿ ಒಂದು ಕಾಲದಲ್ಲಿ ಸಾಕಷ್ಟು ಕಾಡುಕೋಳಿಗಳು ಬಲಿಯಾದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಇದರ ಬೇಟೆ ಅಪರಾಧ.

ಬ್ರೂಕ್ಸ್ ಅವರ ಶಿಷ್ಯರಲ್ಲಿ ದೊಡ್ಡ ಹೆಸರು ಲೆಫ್ಟಿ ಕ್ರೇ ಅವರದು. 1947ರಲ್ಲಿ, ಯುದ್ಧದಿಂದ ಮರಳಿದ್ದ ಈ ಯುವಕನ ಬಗ್ಗೆ ಬರೆಯಲೆಂದು ಬ್ರೂಕ್ಸ್ ಪೊಟೊಮ್ಯಾಕ್ ನದಿಗೆ ಹೋಗಿದ್ದರು. ರೆಕ್ಕೆಯಿರುವೆಗಳು ನೀರಿಗೆ ಉದುರುತ್ತಿದ್ದ ಹೊತ್ತು. ಬ್ರೂಕ್ಸ್ ಫ್ಲೈ ಬೀಸಿ ಒಂದರ ಹಿಂದೊಂದು ಮೀನು ಹಿಡಿದದ್ದನ್ನು ನೋಡಿ ಕ್ರೇ ಬೆರಗಾದರು. ಮರುದಿನವೇ ಬಾಲ್ಟಿಮೋರಿಗೆ ಹೋಗಿ, ಬ್ರೂಕ್ಸ್ ಅವರ ಸಲಹೆಯಂತೆ ಕೋಲು ಕೊಂಡು ಪಾಠ ಹೇಳಿಸಿಕೊಂಡರು. 1964ರಲ್ಲಿ ಮಯಾಮಿ ಸ್ಪರ್ಧೆಯ ನಿರ್ವಾಹಕ ಹುದ್ದೆ ಕ್ರೇ ಅವರಿಗೆ ಸಿಗಲು ಕಾರಣರಾದವರೂ ಬ್ರೂಕ್ಸ್ ಅವರೇ. 2018ರಲ್ಲಿ ತೀರಿಕೊಳ್ಳುವ ತನಕ ಕ್ರೇ ಜಗತ್ತಿನ ಪ್ರಮುಖ ಫ್ಲೈ ಗಾಳ ಶಿಕ್ಷಕರಾಗಿದ್ದರು.

ಬ್ರೂಕ್ಸ್ ಮುಂದೆ ಅರ್ಜೆಂಟೀನಾದ ಹೊಳೆಗಳನ್ನು ಅಮೆರಿಕದವರಿಗೆ ಪರಿಚಯಿಸಿದರು, ದೂರದರ್ಶನದಲ್ಲಿ ಕಾಣಿಸಿಕೊಂಡರು. 1968ರಲ್ಲಿ 'ಔಟ್‌ಡೋರ್ ಲೈಫ್' ಪತ್ರಿಕೆಯ ಮೀನುಗಾರಿಕೆ ವಿಭಾಗದ ಸಂಪಾದಕರಾದರು. 1972ರಲ್ಲಿ ನಿಧನರಾದ ಅವರ ಸಮಾಧಿ ಅವರಿಗೆ ಪ್ರಿಯವಾಗಿದ್ದ ಮೊಂಟಾನಾ ರಾಜ್ಯದ ಯೆಲ್ಲೋಸ್ಟೋನ್ ನದಿ ಕಣಿವೆಯಲ್ಲಿದೆ.

ಉಳಿದದ್ದು

ಹಿಡಿದ ಮೀನನ್ನೆಲ್ಲ ಕೊಲ್ಲುವುದು ಶೌರ್ಯವೆನಿಸಿದ್ದ ಕಾಲದಲ್ಲೇ ಬ್ರೂಕ್ಸ್ ಮೀನನ್ನು ಮರಳಿ ನೀರಿಗೆ ಬಿಡುವ ಪದ್ಧತಿಯ ಪರವಾಗಿ ನಿಂತವರು. ಹೊಟ್ಟೆಪಾಡಿಗೆ ಬಲೆ ಬೀಸುವ ಬೆಸ್ತರ ಮಾತು ಬೇರೆ. ಮೋಜಿಗೆ ಹಿಡಿಯುವವನು ಮುಂದಿನವನಿಗೂ ಉಳಿಸಬೇಕು ಎಂಬ ವಾದದಲ್ಲಿ ನ್ಯಾಯವಿದೆ. 2013ರಲ್ಲಿ ಫ್ಲಾರಿಡಾ ಸರ್ಕಾರ ಬೋನ್‌ಫಿಶ್ ಮತ್ತು ಟಾರ್ಪನ್ ಎರಡನ್ನೂ ಹಿಡಿದರೆ ಬಿಡಲೇಬೇಕೆಂಬ ನಿಯಮ ತಂದಿತು. ದಾಖಲೆಗಾಗಿ ಪರವಾನಗಿ ಪಡೆದ ಟಾರ್ಪನ್‌ಗೆ ಮಾತ್ರ ವಿನಾಯಿತಿ.

ಕುಡಿತದಿಂದ ಎಲ್ಲ ಕಳೆದುಕೊಂಡವರ ಕತೆ ಪ್ರತಿ ಊರಿನಲ್ಲೂ ಇರುತ್ತದೆ. ಅವರ ಕೈಯಲ್ಲಿ ಒಂದಾದರೂ ವಿದ್ಯೆ ಉಳಿದಿರುತ್ತದೆ ಎಂಬುದನ್ನು ಊರು ಮರೆತುಬಿಡುತ್ತದೆ. ಬ್ರೂಕ್ಸ್ ತಮ್ಮಲ್ಲಿ ಉಳಿದಿದ್ದ ಆ ಒಂದು ವಿದ್ಯೆಯಿಂದಲೇ ಎರಡನೇ ಬದುಕು ಕಟ್ಟಿಕೊಂಡರು, ಅದನ್ನು ಗುಟ್ಟಾಗಿಟ್ಟುಕೊಳ್ಳದೆ ಕೇಳಿದವರಿಗೆಲ್ಲ ಹಂಚಿದರು. ಅವರ ದಾಖಲೆಗಳನ್ನು ಮುರಿದವರು ಹಲವರಿದ್ದಾರೆ. ಆದರೆ ಅವರು ಕಲಿಸಿದ್ದನ್ನು ಅವರ ಶಿಷ್ಯರ ಶಿಷ್ಯರು ಇಂದಿಗೂ ಕಲಿಸುತ್ತಿದ್ದಾರೆ.